ಹಿಡಿ-ಬಿಡು ಮೇಷ್ಟ್ರ ಬಲಗಾಲು

ನಮ್ಮ ಮೇಷ್ಟ್ರ ಬಲಗಾಲು ಸುಮ್ಮನಿದ್ದುದನ್ನು ನಾನು ನೋಡಿದ್ದು ಒಂದೇ ಒಂದು ಸಲ. ಉಳಿದೆಲ್ಲ ಹೊತ್ತಿನಲ್ಲೂ, ಕುರ್ಚಿಯ ಮೇಲೆ ಕೂತು ಚಹಾ ಕುಡಿಯುವಾಗ, ಬೆಂಚಿಗೆ ಒರಗಿ ಪತ್ರಿಕೆ ಓದುವಾಗ, ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡು ಕಣ್ಣುಮುಚ್ಚಿ ಕೂತಿರುವಾಗಲೂ, ಆ ಕಾಲಿನ ಮುಂಗಾಲು ಮೆಲ್ಲಗೆ ನೆಲವನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು. ನಡೆಯುವಾಗ ಅವರ ಎಡಗಾಲು ಎಲ್ಲರ ಕಾಲಿನಂತೆ ಒಂದು ಸಲ ನೆಲ ಮುಟ್ಟಿದರೆ ಬಲಗಾಲು ಎರಡು ಸಲ ಮುಟ್ಟುತ್ತಿತ್ತು. ಹೀಗಾಗಿ ಅವರು ಮೆಟ್ಟಿಲು ಹತ್ತಿ ಬರುವುದನ್ನು ತಲೆಯೆತ್ತದೆ ಹೇಳಬಹುದಿತ್ತು. ಮೂವತ್ತು ವರ್ಷ ಮೋಟಾರ್ ಸೈಕಲ್ ಓಡಿಸುವುದನ್ನು ಕಲಿಸಿದ ಕಾಲು ಅದು. ಒದ್ದೆ ನೆಲದ ಮೇಲೆ ಗಾಡಿ ನಿಲ್ಲಿಸುವ ವಿದ್ಯೆಯೆಲ್ಲ ತಲೆಯಿಂದ ಇಳಿದು ಆ ಕಾಲಿನಲ್ಲಿ ಮನೆಮಾಡಿತ್ತು. ಬ್ರೇಕನ್ನು ಒಮ್ಮೆಲೇ ಅಮುಕಿದರೆ ಚಕ್ರ ಕಚ್ಚಿಕೊಂಡು ನಿಲ್ಲುತ್ತದೆ, ಚಕ್ರ ನಿಂತರೂ ಗಾಡಿ ನಿಲ್ಲುವುದಿಲ್ಲ, ಜಾರುತ್ತದೆ. ಆದ್ದರಿಂದ ಹಿಡಿ, ಬಿಡು, ಹಿಡಿ, ಬಿಡು. ಅವರಿಂದ ಕಲಿತವರೆಲ್ಲ ಅವರನ್ನು ಹಿಡಿ-ಬಿಡು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಎದುರಿಗೇ ಕರೆದರೂ ಅವರಿಗೆ ಬೇಸರವಿರಲಿಲ್ಲ.

ನಾನು ಆ ತರಬೇತಿ ಶಾಲೆಗೆ ಗುಮಾಸ್ತನಾಗಿ ಸೇರಿದಾಗ ಪದವಿಯ ಪ್ರಮಾಣಪತ್ರದ ಮಡಿಕೆಯಿನ್ನೂ ಹೊಸದಾಗಿತ್ತು. ನಮ್ಮ ವಂಶದಲ್ಲಿ ಅಂಥದೊಂದು ಕಾಗದವನ್ನು ಮನೆಗೆ ತಂದ ಮೊದಲಿಗ ನಾನು. ನನ್ನ ಅವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು, ತಲೆಕೆಳಗಾಗಿಯೇ ಬಹಳ ಹೊತ್ತು ನೋಡಿ, ನೆರಿಗೆಯಾಗದಂತೆ ಹಾಸಿಗೆಯ ಕೆಳಗೆ ಇಟ್ಟಿದ್ದಳು. ಹಾಗಾಗಿ ಬರೆದದ್ದು ಎಂದರೆ ನನಗೆ ಬಹಳ ಭಕ್ತಿ. ಮೇಷ್ಟ್ರಿಗೆ ಬರೆದದ್ದರ ಮೇಲೆ ನಂಬಿಕೆಯೇ ಇರಲಿಲ್ಲ. 'ಏನಪ್ಪಾ ಡಿಗ್ರಿ, ಈಜು ಹೇಗೆ ಅಂತ ಪುಸ್ತಕ ಓದಿ ಬಾವಿಗೆ ಹಾರ್ತೀಯಾ?' ಎಂದು ಮೊದಲ ದಿನವೇ ಕೇಳಿದ್ದರು. ಅಂದಿನಿಂದ ನಾನು ಅವರ ಬಾಯಲ್ಲಿ ಡಿಗ್ರಿಯಾದೆ.

ಶಾಲೆಯ ಹಿಂದೆ ಸಿಮೆಂಟು ಅಂಗಳವೊಂದಿತ್ತು. ಅದರ ಮೂಲೆಯ ನಲ್ಲಿ ಸದಾ ತೊಟ್ಟಿಕ್ಕಿ, ಎರಡು ಚಾಪೆ ಹಾಸುವಷ್ಟು ಜಾಗದಲ್ಲಿ ಹಸಿರು ಪಾಚಿ ಕಟ್ಟಿತ್ತು. ಅದನ್ನು ತಿಕ್ಕಲು ಬಂದ ಗುಡಿಸುವಾಕೆಯನ್ನು ಮೇಷ್ಟ್ರು ಮೂರು ಸಲ ಜಗಳವಾಡಿ ಹಿಂದಕ್ಕೆ ಕಳಿಸಿದ್ದರು. 'ಅದು ನನ್ನ ಕರಿಹಲಗೆ ಕಣಮ್ಮಾ, ಅಳಿಸಬೇಡ' ಎನ್ನುತ್ತಿದ್ದರು. ಬಿಸಿಲುಗಾಲದಲ್ಲಿ ಪಾಚಿ ಒಣಗದಂತೆ ತಾವೇ ಬಕೆಟ್ಟಿನಲ್ಲಿ ನೀರು ಹಾಕುತ್ತಿದ್ದರು. ಪಾಠದ ಹೊತ್ತಿಗೆ ಮೈಮೇಲೆ ಒಂದು ಮಾಸಲು ಹಸಿರು ಮಳೆಕೋಟು. ಮಳೆ ಇರಲಿ ಬಿಸಿಲಿರಲಿ ಅದು ಬೇಕೇ ಬೇಕು. ಅದರ ಬಲತೋಳು ಎಂದೋ ಬಿದ್ದಾಗ ಹರಿದು, ಮಡಚಿ ಹೊಲಿದು, ಎಡತೋಳಿಗಿಂತ ನಾಲ್ಕು ಬೆರಳು ಗಿಡ್ಡವಾಗಿತ್ತು. ಗಿಡ್ಡ ತೋಳಿನ ಆ ಕೈಯನ್ನು ಮೇಲೆತ್ತಿ ಅವರು ಹೇಳುತ್ತಿದ್ದ ಮಾತೂ ಒಂದೇ: 'ಗೊತ್ತಾಯ್ತಾ? ಗೊತ್ತಾಗಿಲ್ಲ. ಇನ್ನೊಂದ್ಸಲ.' ಪ್ರಶ್ನೆಯೂ ಉತ್ತರವೂ ಅವರದೇ. ಗೊತ್ತಾಯಿತು ಎಂದು ಹೇಳುವ ಅವಕಾಶವನ್ನು ಅವರು ಯಾರಿಗೂ ಕೊಟ್ಟವರಲ್ಲ. ನಾನೂ ಆ ಪಾಚಿಯ ಮೇಲೆ ಮೂರು ಸಲ ಬಿದ್ದೇ ಕಲಿತೆ. ನಾಲ್ಕನೆಯ ಸಲ ಗಾಡಿ ನೆಟ್ಟಗೆ ನಿಂತಾಗ, ಶಾಲೆಯಲ್ಲಿ ಕಾಗುಣಿತ ಮೊದಲ ಬಾರಿ ಬಂದ ದಿನದ ಸಂತೋಷವೇ ಆಯಿತು. ಮೇಷ್ಟ್ರು ಮಾತ್ರ, 'ಗೊತ್ತಾಗಿಲ್ಲ. ಇನ್ನೊಂದ್ಸಲ' ಎಂದರು.

ಎರಡನೆಯ ವರ್ಷ ಶಾಲೆಯ ಯಜಮಾನರಿಗೆ ಮೇಷ್ಟ್ರ ಪಾಠಗಳನ್ನೆಲ್ಲ ಒಂದು ಕಿರುಪುಸ್ತಕವಾಗಿ ಅಚ್ಚು ಹಾಕಿಸುವ ಹುಮ್ಮಸ್ಸು ಬಂತು. ಬರೆಯುವ ಕೆಲಸ ನನ್ನ ಪಾಲಿಗೆ ಬಿತ್ತು. ನಾನು ಮೇಷ್ಟ್ರ ಹಿಂದೆ ಹಿಂದೆ ತಿರುಗಿ, ಅವರ ಮಾತುಗಳನ್ನು ಕೇಳಿ, ರಾತ್ರಿಯ ಊಟಕ್ಕೆ ಮೊದಲು ಶುದ್ಧಪ್ರತಿ ಮಾಡಿ, ಅಲ್ಪವಿರಾಮ ಪೂರ್ಣವಿರಾಮಗಳಿಗೂ ಬೆವರು ಸುರಿಸಿ ಬರೆದೆ. ಹನ್ನೊಂದನೆಯ ಪಾಠ ಒದ್ದೆ ರಸ್ತೆಯದು. 'ಬ್ರೇಕನ್ನು ಹಿಡಿದು ಬಿಡತಕ್ಕದ್ದು, ಬಿಟ್ಟು ಹಿಡಿಯತಕ್ಕದ್ದು, ಹೀಗೆ ಗಾಡಿ ನಿಲ್ಲುವ ತನಕ' ಎಂಬ ವಾಕ್ಯವನ್ನು ಬರೆದು, ಅದರ ಲಯಕ್ಕೆ ನಾನೇ ಮಾರುಹೋಗಿದ್ದೆ. ಯಾವ ಗಾಡಿಯ ಬ್ರೇಕನ್ನು ಎಂಬ ಪ್ರಶ್ನೆ ನನಗೆ ಹೊಳೆಯಲಿಲ್ಲ. ಶಾಲೆಯ ಆರೂ ಗಾಡಿಗಳು ಹಳೆಯವು.

ಆಗಲೇ ಮೇಷ್ಟ್ರ ಮಗಳು ಹೊಸ ಗಾಡಿ ಕೊಂಡಳು. ಅವರಿಗೆ ಇದ್ದವಳು ಅವಳೊಬ್ಬಳೇ. ಊರಿನ ದವಾಖಾನೆಗಳಿಂದ ರಕ್ತದ ಮಾದರಿಗಳನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ಪರೀಕ್ಷಾಲಯಕ್ಕೆ ಮುಟ್ಟಿಸುವ ಕೆಲಸ ಅವಳದು. ಇಂತಿಷ್ಟು ಗಂಟೆಯೊಳಗೆ ತಲುಪಲೇಬೇಕು, ಮಳೆ ಬಂತೆಂದು ಮರದ ಕೆಳಗೆ ನಿಲ್ಲುವ ಹಾಗಿಲ್ಲ. ಅದಕ್ಕೇ ಆ ಗಾಡಿ. ಮುಂದಿನ ಚಕ್ರದ ಮಡ್‌ಗಾರ್ಡಿನ ಮೇಲೆ ಎಬಿಎಸ್ ಎಂಬ ಮೂರಕ್ಷರದ ಚೀಟಿಯಿತ್ತು.

'ಅಪ್ಪ, ಇದರಲ್ಲಿ ಎಬಿಎಸ್ ಇದೆಯಂತೆ. ಮಳೇಲಿ ಒಳ್ಳೇದಂತೆ' ಎಂದಳು ಅಂಗಳದಲ್ಲಿ ಗಾಡಿ ನಿಲ್ಲಿಸಿ.

ಮೇಷ್ಟ್ರು ಗಾಡಿಯ ಸುತ್ತ ಒಂದು ಸುತ್ತು ಬಂದರು. 'ಇರ್ಲಿ ಬಿಡು. ಹಾರ್ನೂ ಇದೆ, ಅದೂ ಇರ್ಲಿ.'

'ಅಂಗಡಿಯವರು ಏನೋ ಹೇಳಿದ್ರು, ಬ್ರೇಕ್ ಹಿಡಿಯೋದು ಬೇರೆ ಥರ ಅಂತ.'

'ಅಂಗಡಿಯವರು ಗಾಡಿ ಮಾರ್ತಾರೆ ಕಣೇ. ನಿಲ್ಸೋದು ನಾನು ಕಲಿಸ್ತೀನಿ.'

ಮೊದಲ ಮಳೆ ಬಿದ್ದ ಮಾರನೆಯ ದಿನ ಅವಳು ಮತ್ತೆ ಬಂದಳು. ಜೋರಾಗಿ ಬ್ರೇಕ್ ಹಿಡಿದಾಗ ಕೈಯೊಳಗೆ ಅದು ಗಡಗಡ ನಡುಗಿತು, ಕಾಲಿನಡಿಯೂ ನಡುಗಿತು, ಏನೋ ಮುರಿದುಹೋದ ಹಾಗಾಯಿತು ಎಂದಳು. ಮೇಷ್ಟ್ರು ಅರ್ಧ ದಿನ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ತಟ್ಟಿ, ತಿರುಗಿಸಿ, ಕಿವಿಯಿಟ್ಟು ಕೇಳಿದರು. ಒಣ ನೆಲದ ಮೇಲೆ ಮೆಲ್ಲಗೆ ಓಡಿಸಿ ನೋಡಿದರೆ ನಡುಕವೇ ಇಲ್ಲ. ತಲೆ ಕೆರೆದುಕೊಂಡು ಎದ್ದರು. 'ಏನೋ ಸಡಿಲ ಇರ್ಬೇಕು, ಬಿಚ್ಚಿ ನೋಡೋಣ. ಅಲ್ಲಿ ತನಕ ಒಂದು ಮಾತು ನೆನಪಿಟ್ಕೊ. ನಡುಗಿದ ತಕ್ಷಣ ಬಿಟ್ಬಿಡು, ಮತ್ತೆ ಹಿಡಿ. ಗೊತ್ತಾಯ್ತಾ? ಗೊತ್ತಾಗಿಲ್ಲ.' ನಾನು ಪಕ್ಕದಲ್ಲೇ ಕರಡಚ್ಚು ತಿದ್ದುತ್ತ ಕೂತಿದ್ದೆ. ಮಾತು ಉಪಯುಕ್ತವೆನ್ನಿಸಿ ಹನ್ನೊಂದನೆಯ ಪಾಠದ ಕೊನೆಗೆ ಸೇರಿಸಿದೆ: 'ಬ್ರೇಕು ನಡುಗಿದಲ್ಲಿ ಕೂಡಲೇ ಬಿಡತಕ್ಕದ್ದು.' ಸೇರಿಸೆಂದು ಯಾರೂ ಕೇಳಿರಲಿಲ್ಲ. ನನ್ನ ಶ್ರದ್ಧೆ ಅದು.

ಮೂರು ವಾರದ ಮೇಲೆ, ಮಧ್ಯಾಹ್ನದ ಮಳೆಯಲ್ಲಿ, ಅವಳ ಮುಂದೆ ಹೋಗುತ್ತಿದ್ದ ನೀರಿನ ಟ್ಯಾಂಕರು ಇದ್ದಕ್ಕಿದ್ದಂತೆ ನಿಂತಿತು. ಅವಳು ಹಿಡಿದಳು, ನಡುಗಿತು, ಬಿಟ್ಟಳು. ಹಿಡಿದಳು, ನಡುಗಿತು, ಬಿಟ್ಟಳು. ಟ್ಯಾಂಕರಿನ ಹಿಂಬದಿಯ ಕಬ್ಬಿಣಕ್ಕೆ ಹೋಗಿ ತಾಗಿದಾಗ ವೇಗ ಬಹುಪಾಲು ಇಳಿದಿತ್ತಂತೆ. ಇನ್ನೆರಡು ಮಾರು ಜಾಗವಿದ್ದಿದ್ದರೆ ತಾಗುತ್ತಲೇ ಇರಲಿಲ್ಲ. ಹೆಗಲ ಮುಂದಿನ ಮೂಳೆ ಮುರಿಯಿತು. ಎತ್ತಲು ಬಂದವರನ್ನು ಅವಳು ಮೊದಲು ಕೇಳಿದ್ದು, ಪೆಟ್ಟಿಗೆ ಒಡೆದಿಲ್ಲ ತಾನೆ ಎಂದು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಉದ್ದನೆಯ ಬೆಂಚಿನ ತುದಿಗೆ ಮೇಷ್ಟ್ರು ಕೂತಿದ್ದರು. ಮಳೆಕೋಟು ತೆಗೆದಿರಲಿಲ್ಲ, ಅದರಿಂದ ನೀರು ತೊಟ್ಟಿಕ್ಕಿ ಚಪ್ಪಲಿಯ ಸುತ್ತ ನಿಂತಿತ್ತು. ನಾನು ಬಳಿ ಹೋದಾಗ ಏನೋ ಕಡಿಮೆಯಾಗಿದೆ ಅನ್ನಿಸಿತು. ಏನೆಂದು ಕೂಡಲೇ ತಿಳಿಯಲಿಲ್ಲ. ಆಮೇಲೆ ಕಂಡಿತು. ಬಲಗಾಲು ನೀರಿನಲ್ಲಿ ಊರಿದಂತೆ ನಿಶ್ಚಲವಾಗಿತ್ತು.

ಒಳಗೆ ಮಗಳು ತೋಳಿಗೆ ಜೋಳಿಗೆ ಕಟ್ಟಿಸಿಕೊಂಡು ಮಲಗಿದ್ದಳು. ನಮ್ಮನ್ನು ನೋಡಿ ನಗಲು ನೋಡಿದಳು. 'ಅಪ್ಪ, ನೀನು ಹೇಳಿದ ಹಾಗೇ ಮಾಡ್ದೆ. ನಾಲ್ಕು ಸಲ ಹಿಡಿದೆ, ನಾಲ್ಕು ಸಲ ಬಿಟ್ಟೆ. ಲೆಕ್ಕ ಇದೆ ನನಗೆ.' ಅವಳ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ಪಾಠ ಒಪ್ಪಿಸಿದ ವಿದ್ಯಾರ್ಥಿನಿಯ ಧ್ವನಿ ಅದು. ಆಕ್ಷೇಪಿಸಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತೇನೋ. ಅವರು ಅವಳ ಹಾಸಿಗೆಯ ಕಬ್ಬಿಣದ ಸರಳನ್ನು ಹಿಡಿದುಕೊಂಡು, 'ಸರಿಯಾಗೇ ಮಾಡಿದ್ದೀಯ. ಸರಿಯಾಗೇ ಮಾಡಿದ್ದೀಯ' ಎಂದು ಎರಡು ಸಲ ಹೇಳಿ, ಹಾಗಾದರೆ ಏನು ತಪ್ಪಾಯಿತೆಂಬಂತೆ ನನ್ನ ಮುಖ ನೋಡಿದರು.

ಮರುದಿನ ಜಜ್ಜಿದ ಗಾಡಿಯನ್ನು ಅಂಗಳಕ್ಕೆ ತಂದು ಹಾಕಿದರು. ಸೀಟಿನಡಿ, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ ಗಾಡಿಯ ಪುಸ್ತಕ ಸಿಕ್ಕಿತು. ನಾನು ಅಂಗಳದ ಕಟ್ಟೆಯ ಮೇಲೆ ಕೂತು ಓದಿದೆ. ಓದಲು ಕಲಿತದ್ದಕ್ಕೆ ಮೊದಲ ಬಾರಿ ಹೆದರಿಕೆಯಾಯಿತು. ಪ್ರತಿ ಚಕ್ರದ ಬಳಿ ಹಲ್ಲುಹಲ್ಲಿನ ಒಂದು ಬಳೆ, ಚಕ್ರ ಕಚ್ಚಿಕೊಳ್ಳುವ ಸೂಚನೆ ಕಂಡೊಡನೆ ಯಂತ್ರವೇ ಬ್ರೇಕನ್ನು ಒಂದಿಷ್ಟು ಸಡಿಲಿಸಿ ಮತ್ತೆ ಬಿಗಿಯುತ್ತದೆ, ಒಂದು ಸೆಕೆಂಡಿನಲ್ಲಿ ಎಷ್ಟೋ ಸಲ. ಆಗ ಕೈಗೂ ಕಾಲಿಗೂ ನಡುಕ ತಿಳಿಯುವುದು ಸಹಜ. ಸವಾರ ಬ್ರೇಕನ್ನು ಬಲವಾಗಿ ಹಿಡಿದೇ ಇರಬೇಕು, ಬಿಡಬಾರದು. ಒದ್ದೆಯಲ್ಲಿ ಗಾಡಿ ನೆಟ್ಟಗೆ ಉಳಿಯಲು ಇದರಿಂದ ನೆರವಾಗುತ್ತದೆ, ಹಾಗೆಂದು ವೇಗ ತಗ್ಗಿಸದೆ ಹೋಗಬೇಡಿ, ತಿರುವಿನಲ್ಲಿ ವಾಲಿಸಿಕೊಂಡು ಹಿಡಿಯಬೇಡಿ, ಎಂದೂ ಇತ್ತು. ಇದನ್ನೆಲ್ಲ ಮೇಷ್ಟ್ರಿಗೆ ಓದಿ ಹೇಳಿದೆ. ಅವರು ಒಂದು ವಾಕ್ಯವನ್ನು ಮೂರು ಸಲ ಓದಿಸಿದರು.

'ಯಂತ್ರ ಹಿಡಿದು ಬಿಡುತ್ತಾ?'

'ಹೌದು ಮೇಷ್ಟ್ರೇ.'

'ಅಂದ್ರೆ ಅದು ನನ್ನ ಪಾಠಾನೇ ಮಾಡ್ತಿದೆ.'

'ಹೌದು. ಬಹಳ ಬೇಗ ಬೇಗ.'

'ಮತ್ತೆ ನನ್ನ ಪಾಠ ಮಾಡಿದ್ದಕ್ಕೆ ಅವಳ್ಯಾಕೆ ಬಿದ್ಲು?'

'ಎರಡೆರಡು ಸಲ ಆಯ್ತಲ್ಲ ಮೇಷ್ಟ್ರೇ. ಯಂತ್ರ ಬಿಟ್ಟು ಹಿಡಿಯೋ ಹೊತ್ತಿಗೆ ಅವಳೂ ಬಿಟ್ಟಳು. ಯಾರೂ ಹಿಡಿಯದೇ ಇದ್ದ ಹೊತ್ತು ಜಾಸ್ತಿ ಆಯ್ತು.'

ಅವರು ಪಾಚಿಯ ಕಡೆ ತಿರುಗಿದರು. 'ನಡುಕ ಅಂದ್ರೆ ಕಾಯಿಲೆ ಅಂದ್ಕೊಂಡೆ ಡಿಗ್ರಿ. ಅದು ಕೆಲಸ ಮಾಡ್ತಿತ್ತು.' ನಾನು ಕಿರುಪುಸ್ತಕದ ಹನ್ನೊಂದನೆಯ ಪಾಠವನ್ನು, ಅದರ ಕೊನೆಗೆ ನಾನೇ ಸೇರಿಸಿದ ವಾಕ್ಯವನ್ನು ನೆನೆಸಿಕೊಂಡೆ. ಮುನ್ನೂರು ನಲವತ್ತು ಪ್ರತಿಗಳು ಆಗಲೇ ಅಚ್ಚಾಗಿ ಒಳಗಿನ ಕೋಣೆಯಲ್ಲಿ ಪೇರಿಸಿಟ್ಟಿದ್ದವು.

ಆಮೇಲಿನ ಒಂದೂವರೆ ತಿಂಗಳು ನಮ್ಮ ಶಾಲೆಯಲ್ಲಿ ನಡೆದದ್ದನ್ನು ಪಾಠ ಎನ್ನುವುದು ಕಷ್ಟ. ಮೇಷ್ಟ್ರು ಒಬ್ಬೊಬ್ಬರನ್ನೂ ನಿಲ್ಲಿಸಿ ಕೇಳತೊಡಗಿದರು: ನಿಮ್ಮ ಮನೆಯ ಗಾಡಿಯಲ್ಲಿ ಆ ಎಬಿಎಸ್ ಇದೆಯಾ, ಇಲ್ಲವಾ? ಇಲ್ಲದವರಿಗೆ ಹಿಡಿ-ಬಿಡು, ಇದ್ದವರಿಗೆ ಹಿಡಿ, ಬಿಡಬೇಡ. ಒಂದೇ ಅಂಗಳ, ಒಂದೇ ಪಾಚಿ, ಎರಡು ಬಗೆಯ ಕೂಗು. ಇದ್ದವರು ಕಲಿಯುತ್ತಿದ್ದುದೂ ಇಲ್ಲದ ಹಳೆಯ ಗಾಡಿಗಳ ಮೇಲೆಯೇ. ಬಿಡಬೇಡ ಎಂದು ಕೂಗಿದ ಮೇಷ್ಟ್ರೇ ಓಡಿಹೋಗಿ, 'ಇದರಲ್ಲಿ ಬಿಡ್ರೀ, ಇದರಲ್ಲಿ ಬಿಡ್ಬೇಕು!' ಎನ್ನುತ್ತಿದ್ದರು. ಒಬ್ಬ ದರ್ಜಿ ಸಂಕೋಚದಿಂದ ಹೇಳಿದ: 'ಸರ್, ನಂದರಲ್ಲಿ ಮುಂದಿನ ಚಕ್ರಕ್ಕೆ ಮಾತ್ರ ಇದೆಯಂತೆ.'

'ಹಿಂದಕ್ಕಿಲ್ವಾ?'

'ಇಲ್ಲ ಸರ್.'

ಮೇಷ್ಟ್ರು ಕಣ್ಣುಮುಚ್ಚಿ ಲೆಕ್ಕ ಹಾಕಿದರು. 'ಹಾಗಾದ್ರೆ ಕೈ ಹಿಡಿದೇ ಇರ್ಲಿ. ಕಾಲು ಹಿಡಿದು ಬಿಡ್ತಾ ಇರ್ಲಿ.' ಮಾಡಿ ತೋರಿಸಲು ನಿಂತಲ್ಲೇ ಗಾಳಿಯಲ್ಲಿ ಕೈ ಬಿಗಿಹಿಡಿದು ಕಾಲು ಆಡಿಸಿದರು. ಕಾಲಿನ ಜೊತೆಗೆ ಕೈಯೂ ಬಿಚ್ಚಿಕೊಳ್ಳುತ್ತಿತ್ತು. ಮತ್ತೆ ಆಡಿಸಿದರು. ದರ್ಜಿ ಸ್ವಲ್ಪ ಹೊತ್ತು ನೋಡಿ, 'ನನಗೆ ಹೊಲಿಗೆ ಮಿಷನ್ನೇ ವಾಸಿ ಸರ್, ಅದು ನಿಂತಲ್ಲೇ ನಿಂತಿರುತ್ತೆ' ಎಂದ. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು, ಎಲ್ಲರಿಗಿಂತ ತಡವಾಗಿ.

ನಾನು ನಡುವೆ ಬುದ್ಧಿ ಹೇಳಲು ಹೋದೆ. ಹಳೆಯ ಪಾಠ ತಪ್ಪಲ್ಲ, ಹಳೆಯ ಗಾಡಿಗೆ ಅದೇ ಸರಿ ಎಂದೆ. 'ಗೊತ್ತು. ಅದೇ ತೊಂದರೆ. ತಪ್ಪಾಗಿದ್ರೆ ಬಿಟ್ಬಿಡಬಹುದಿತ್ತು' ಎಂದರು. 

ಮಗಳ ಮೂಳೆ ಕೂಡಿತು, ಗಾಡಿ ರಿಪೇರಿಯಾಯಿತು. ಸೋಮವಾರದಿಂದ ಬಾರದಿದ್ದರೆ ಅವಳ ದಾರಿಯನ್ನು ಬೇರೆಯವರಿಗೆ ಕೊಡುವುದಾಗಿ ಪರೀಕ್ಷಾಲಯದವರು ಹೇಳಿಕಳಿಸಿದರು. ಭಾನುವಾರ ಬೆಳಗ್ಗೆ, ಸಣ್ಣಗೆ ಮಳೆ ಹನಿಯುತ್ತಿರುವಾಗ, ಅವಳು ಅಂಗಳಕ್ಕೆ ಬಂದು ಗಾಡಿಯ ಪಕ್ಕ ನಿಂತಳು. ಹತ್ತಲಿಲ್ಲ.

'ಅಪ್ಪ, ಡಿಗ್ರಿ ಅಣ್ಣ ಪುಸ್ತಕ ಓದಿ ಹೇಳಿದ್ದಾರೆ. ಅದು ಬೇರೆ. ನೀನು ಹೇಳು. ಬರೀ ಒಂದು ಮಾತು. ನಡುಗಿದ್ರೆ ಹಿಡೀಲೋ, ಬಿಡ್ಲೋ?'

 ಮೇಷ್ಟ್ರ ಗಿಡ್ಡ ತೋಳಿನ ಕೈ ಅರ್ಧಕ್ಕೆ ಎದ್ದು ಕೆಳಗಿಳಿಯಿತು.

'ನೀನು ಹೇಳದೇ ನಾನು ಹತ್ತಲ್ಲ. ಕೆಲಸ ಹೋದ್ರೆ ಹೋಗ್ಲಿ. ರಸ್ತೆ ಮಧ್ಯ ನನ್ನ ಕೈಗೆ ಅನುಮಾನ ಬಂದ್ರೆ ಈ ಸಲ ಬರೀ ಮೂಳೆ ಮುರಿಯಲ್ಲ ಅಪ್ಪ.'

ಅವರು ಮಳೆಕೋಟಿನ ಗುಂಡಿ ಹಾಕಿಕೊಂಡು, ಅವಳ ಗಾಡಿ ಹತ್ತಿದರು. ಅಂಗಳದ ತುದಿಯಿಂದ ವೇಗವಾಗಿ ಬಂದು ಪಾಚಿಗೆ ಒಂದು ಮಾರು ಮೊದಲೇ ಬ್ರೇಕ್ ಹಿಡಿದರು. ಹಿಡಿಯಬೇಕೆಂದೇ ಹೊರಟವರು; ನಡುಗಿದ ಕ್ಷಣದಲ್ಲಿ ಕಾಲು ತಾನೇ ಎದ್ದಿತು, ಕೈ ತಾನೇ ಬಿಟ್ಟಿತು, ಗಾಡಿ ಪಾಚಿಯನ್ನು ದಾಟಿ ಗೋಡೆಯ ಹತ್ತಿರ ಹೋಗಿ ನಿಂತಿತು. ಇಳಿಯಲಿಲ್ಲ. ಹಿಂದೆ ಹೋಗಿ ಮತ್ತೆ ಬಂದರು, ಮತ್ತೆ ಕಾಲು ಎದ್ದಿತು. ಮೂರನೆಯ ಸಲ ತಮ್ಮ ಕಾಲನ್ನು ತಾವೇ ಬೈದರು. ನಾಲ್ಕನೆಯ ಸಲ ಬೈಯಲೂ ಇಲ್ಲ. ಮೂವತ್ತು ವರ್ಷ ಊರಿಗೆಲ್ಲ ಕಲಿಸಿದ ಕಾಲಿಗೆ ಯಜಮಾನನ ಮಾತೇ ಕೇಳಿಸದಾಗಿತ್ತು. ನಾನು ಕಟ್ಟೆಯ ಮೇಲೆ ಗಾಡಿಯ ಪುಸ್ತಕ ಹಿಡಿದು ನಿಂತಿದ್ದೆ. ಎಷ್ಟನೆಯ ಪುಟದಲ್ಲಿ ಏನಿದೆಯೆಂದು ಬಾಯಿಪಾಠವಿದ್ದರೂ ಆ ಕಾಲಿಗೆ ಅದನ್ನು ಓದಿಹೇಳುವ ಬಗೆ ನನಗೆ ಗೊತ್ತಿರಲಿಲ್ಲ.

ಐದನೆಯ ಸಲ ಅವರು ಬರುವಾಗ ಮಗಳು ಪಾಚಿಯ ಪಕ್ಕಕ್ಕೆ ಹೋಗಿ ನಿಂತಳು. ಗಾಡಿ ಹತ್ತಿರವಾಗುತ್ತಲೇ ಅಂಗಳವೆಲ್ಲ ಮೊಳಗುವಂತೆ ಕೂಗಿದಳು: 'ಹಿಡಿ ಅಪ್ಪಾ! ಬಿಡಬೇಡ! ಬಿಡಬೇಡ! ಬಿಡಬೇಡ!'

ಹಿಡಿದರು. ಗಾಡಿ ಗಡಗಡನೆ ನಡುಗುತ್ತ, ಅತ್ತಿತ್ತ ವಾಲದೆ, ಪಾಚಿಯ ಮೇಲೆ ಗೆರೆ ಎಳೆದಂತೆ ನೆಟ್ಟಗೆ ಹಾದು, ಆಚೆಯ ಅಂಚು ದಾಟಿದ ಕೂಡಲೇ ನಿಂತಿತು. ಎಂಜಿನ್ ಆರಿತು. ಮೇಷ್ಟ್ರು ಹಾಗೇ ಕೂತಿದ್ದರು; ನಿಂತ ಗಾಡಿಯ ಬ್ರೇಕನ್ನು ಬೆರಳುಗಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದೇ ಇದ್ದರು. ಮಗಳು ಹತ್ತಿರ ಹೋಗಿ ಒಂದೊಂದೇ ಬೆರಳನ್ನು ಬಿಡಿಸಿದಳು.

'ಜಾರ್ಬೇಕಿತ್ತು' ಎಂದರು. ಮತ್ತೆ, 'ಇಷ್ಟು ಹಿಡಿದ್ರೆ ಜಾರ್ಬೇಕಿತ್ತಲ್ಲೇ.' ಆಮೇಲೆ ಮಗಳ ಮುಖ ನೋಡಿ, 'ಹಿಡಿ. ನಡುಗ್ಲಿ, ಹಿಡಿದೇ ಇರು' ಎಂದು, ಅಭ್ಯಾಸಬಲದಿಂದ ಕೈಯೆತ್ತಿ, 'ಗೊತ್ತಾಯ್ತಾ?' ಎಂದು ಕೇಳಿ ನಿಲ್ಲಿಸಿಬಿಟ್ಟರು.  ಆ ಪ್ರಶ್ನೆ ಉತ್ತರವಿಲ್ಲದೆ ಗಾಳಿಯಲ್ಲಿ ಉಳಿದದ್ದನ್ನು ನಾನು ಕೇಳಿದ್ದು ಅದೇ ಮೊದಲು.

'ಗೊತ್ತಾಗಿಲ್ಲ' ಎಂದಳು ಮಗಳು, ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತ. 'ಇಳಿ ಅಪ್ಪ. ಇನ್ನೊಂದ್ಸಲ. ಈಗ ನಾನು.'

ಅವಳು ಅಂದು ಏಳು ಸಲ ಪಾಚಿ ದಾಟಿದಳು, ಸೋಮವಾರ ಕೆಲಸಕ್ಕೆ ಹೋದಳು. ಈಗಲೂ ಹೋಗುತ್ತಾಳೆ.

ಹನ್ನೊಂದನೆಯ ಪಾಠವನ್ನು ಕಿತ್ತುಹಾಕೋಣವೆಂದು ನಾನು ಕೇಳಿದಾಗ ಮೇಷ್ಟ್ರು ಒಪ್ಪಲಿಲ್ಲ. ಊರಿನಲ್ಲಿ ಅರ್ಧಕ್ಕರ್ಧ ಹಳೆಯ ಗಾಡಿಗಳು, ಅವುಗಳ ಸವಾರರು ಹಿಡಿದೇ ಇದ್ದರೆ ಸಾಯುತ್ತಾರೆ ಎಂದರು. ಕೊನೆಗೆ ನಾನು ಚೀಟಿಯೊಂದನ್ನು ಬರೆದು, ಮುನ್ನೂರು ನಲವತ್ತು ಪ್ರತಿಗಳಿಗೂ ನನ್ನ ಕೈಯಾರೆ ಅಂಟಿಸಿದೆ, ನಾನು ಸೇರಿಸಿದ್ದ ವಾಕ್ಯ ಪೂರ್ತಿ ಮುಚ್ಚಿಹೋಗುವಂತೆ: 'ಮೊದಲು ನಿಮ್ಮ ಗಾಡಿ ಯಾವುದೆಂದು ತಿಳಿಯಿರಿ. ಎಬಿಎಸ್ ಇರುವ ಬ್ರೇಕನ್ನು ಹಿಡಿದೇ ಇರಿ. ಇಲ್ಲದ್ದನ್ನು ಹಿಡಿದು ಬಿಡಿ.' ಈ ವಾಕ್ಯಗಳಿಗೆ ಯಾವ ಲಯವೂ ಇಲ್ಲ. ಓದಿದವರು ಬಂದು, ಇದೇನ್ರೀ ಹೀಗೂ ಹಾಗೂ ಬರೆದಿದ್ದೀರಿ ಎಂದು ಕೇಳುತ್ತಾರೆ. ಹೌದು, ಹೀಗೂ ಹಾಗೂ, ಎನ್ನುತ್ತೇನೆ.

ಮೇಷ್ಟ್ರಂಥವರನ್ನು ನಾನು ಆಮೇಲೆ ಬೇರೆ ಕೆಲಸಗಳಲ್ಲೂ ಕಂಡಿದ್ದೇನೆ. ಮೈಯನ್ನೇ ಓಲೆಗರಿ ಮಾಡಿಕೊಂಡು, ಒಂದು ವಿದ್ಯೆಯನ್ನು ಅಳಿಸಲಾಗದಂತೆ ಅದರ ಮೇಲೆ ಕೊರೆದುಕೊಂಡವರು ಇವರು. ಅವರು ಕಲಿತದ್ದು ಸುಳ್ಳಾಗುವುದಿಲ್ಲ, ಅದರ ಪಕ್ಕದಲ್ಲಿ ಅದಕ್ಕೆ ತದ್ವಿರುದ್ಧವಾದ ಇನ್ನೊಂದು ನಿಜ ಬಂದು ಕೂರುತ್ತದೆ. ಎರಡಕ್ಕೂ ಜಾಗ ಬಿಡಬೇಕಾದ ಕಷ್ಟ ನಮ್ಮಂಥ ಕಾಗದ ನಂಬುವವರಿಗೆ ಅರ್ಥವಾಗುವುದು ತಡ. ನಮಗಾದರೆ ಒಂದು ಚೀಟಿ ಅಂಟಿಸಿದರೆ ಮುಗಿಯಿತು. ಮೇಷ್ಟ್ರು ಈಗಲೂ ಸಂಜೆ ನನ್ನ ಮೇಜಿನ ಎದುರು ಚಹಾ ಕುಡಿಯಲು ಕೂರುತ್ತಾರೆ. ನಾನು ಬರೆಯುವುದನ್ನು ನಿಲ್ಲಿಸಿ ಕೆಳಗೆ ನೋಡುತ್ತೇನೆ. ಬಲಗಾಲು ನೆಲವನ್ನು ಒತ್ತುತ್ತದೆ, ಒತ್ತಿಯೇ ಇರುತ್ತದೆ. ಬಹಳ ಹೊತ್ತಿನ ಮೇಲೆ ಹಿಮ್ಮಡಿಯ ಮೇಲೆ ತುಸುವೇ ಎದ್ದು, ಇಳಿಯಲೋ ಬೇಡವೋ ಎಂದು ಯಾರನ್ನೋ ಕೇಳುವಂತೆ, ಅಲ್ಲೇ ನಿಲ್ಲುತ್ತದೆ.